ಮೊಸರಿನ ಬ್ಯಾಕ್ಟೀರಿಯಾ ಕಣ್ಣಾರೆ ನೋಡುದು ಹೇಗೆ, ವೈರಸ್ ಯಾಕೆ ಕಾಣುದಿಲ್ಲ

ಮಳೆಗಾಲ ಶುರುವಾದ್ರೆ ಸಾಕು, ಮಂಗಳೂರು ಉಡುಪಿ ಕಡೆ ಮೂರು ಜ್ವರದ ಹೆಸರು ಕೇಳ್ತಾನೇ ಇರ್ತದೆ: ಡೆಂಗ್ಯೂ, ಇಲಿಜ್ವರ, ಮಲೇರಿಯಾ. ಡೆಂಗ್ಯೂ ವೈರಸ್‌ನಿಂದ, ಇಲಿಜ್ವರ ಬ್ಯಾಕ್ಟೀರಿಯಾದಿಂದ, ಮಲೇರಿಯಾ ಎರಡೂ ಅಲ್ಲ, ಅದು ಒಂದೇ ಜೀವಕೋಶದ ಪರಾವಲಂಬಿಯಿಂದ. ಆದ್ರೆ ನಾವು ಎಲ್ಲದಕ್ಕೂ "ಎಂತದೋ ವೈರಸ್ ಅಂತೆ" ಅಂದುಬಿಟ್ಟು ಸೀದಾ ಮೆಡಿಕಲ್‌ಗೆ ಹೋಗಿ ಆಂಟಿಬಯೋಟಿಕ್ ಕೇಳುದು. ಬೋರ್ಡಲ್ಲಿ ಚಿತ್ರ ಬಿಡಿಸಿ ಇದನ್ನೆಲ್ಲ ಹೇಳಿದ್ರೆ ಮಕ್ಕಳ ತಲೆಗೆ ಹೋಗುದಿಲ್ಲ ಮಾರಾಯ್ರೆ, ಒಮ್ಮೆ ಮೈಕ್ರೋಸ್ಕೋಪಲ್ಲಿ ತೋರಿಸಿ ನೋಡಿ.

ಬೇಕಾದ್ದು ಜಾಸ್ತಿ ಎಂತ ಇಲ್ಲ. ರಾತ್ರಿ ಹೆಪ್ಪು ಹಾಕಿದ ಮನೆ ಮೊಸರು, ಗ್ಲಾಸ್ ಸ್ಲೈಡ್, ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ, ಸ್ವಲ್ಪ ಸ್ಪಿರಿಟ್, ದೀಪ, ಮತ್ತೆ ಪಿಯು ಕಾಲೇಜ್ ಲ್ಯಾಬಲ್ಲಿ ಇರುವಂಥ ಮೈಕ್ರೋಸ್ಕೋಪ್, ಅದ್ರಲ್ಲಿ 100 ಎಕ್ಸ್ ಆಯಿಲ್ ಲೆನ್ಸ್, ಅದಕ್ಕೆ ಹಾಕುವ ಇಮರ್ಶನ್ ಆಯಿಲ್ ಇರ್ಲೇಬೇಕು. 40 ಎಕ್ಸಲ್ಲಿ ಬರೀ ಚುಕ್ಕಿ ಕಂಡ ಹಾಗೆ ಆಗ್ತದೆ ಅಷ್ಟೆ.

ಸ್ಲೈಡ್ ಮೇಲೆ ಒಂದು ಹನಿ ನೀರು ಹಾಕಿ, ಬೆಂಕಿಕಡ್ಡಿಯ ಹಿಂದಿನ ತುದಿಗೆ ಅಂಟುವಷ್ಟೇ ಮೊಸರು ತಗೊಂಡು ಅದ್ರಲ್ಲಿ ಕಲಸಿ ತೆಳ್ಳಗೆ ಹರಡಿ. ಎಲ್ಲರೂ ಇಲ್ಲೇ ಎಡವುದು, ಒಂದು ಚಮಚ ಸುರಿದುಬಿಡ್ತಾರೆ. ಸ್ಲೈಡನ್ನು ಪೇಪರ್ ಮೇಲಿಟ್ರೆ ಅಕ್ಷರ ಓದ್ಲಿಕ್ಕೆ ಆಗ್ಬೇಕು, ಅಷ್ಟು ತೆಳ್ಳಗೆ. ಆಮೇಲೆ ತಾನಾಗಿ ಒಣಗ್ಲಿ, ಜುಲೈ ತಿಂಗಳಲ್ಲಿ ನಮ್ಮ ಕಡೆ ಎಂತದೂ ಒಣಗುದಿಲ್ಲ ಅಂತ ಗೊತ್ತುಂಟಲ್ಲ, ಫ್ಯಾನ್ ಅಡಿಯಲ್ಲಿಡಿ. ಪೂರ್ತಿ ಒಣಗಿದ ಮೇಲೆ ಮೊಸರಿದ್ದ ಬದಿ ಮೇಲೆ ಮಾಡಿ ಜ್ವಾಲೆಯ ಮೇಲಿಂದ ಎರಡು ಮೂರು ಸಲ ಬೇಗ ಬೇಗ ಹಾಯಿಸಿ. ಮುಂಗೈಗೆ ಮುಟ್ಟಿಸಿದ್ರೆ ಬಿಸಿ ಅನ್ನಿಸ್ಬೇಕು, ಸುಡಬಾರ್ದು. ಇಷ್ಟಾದ್ರೆ ಬ್ಯಾಕ್ಟೀರಿಯಾ ಸತ್ತು ಗಾಜಿಗೆ ಅಂಟಿಕೊಳ್ತದೆ.

ಈಗ ದೀಪ ಆರಿಸಿ, ಮರೀಬೇಡಿ, ಯಾಕಂದ್ರೆ ಇನ್ನು ಸ್ಪಿರಿಟ್ ಕೆಲಸ. ಮೊಸರಿನ ಜಿಡ್ಡು ಹೋಗ್ಲಿಕ್ಕೆ ಸ್ಪಿರಿಟ್ ಒಂದೆರಡು ಹನಿ ಹಾಕಿ ಚೆಲ್ಲಿ, ಒಣಗಿದ ಮೇಲೆ ಮೆಥಿಲೀನ್ ಬ್ಲೂ ಹಾಕಿ ಒಂದು ನಿಮಿಷ ಬಿಟ್ಟು ಮೆಲ್ಲ ನೀರಲ್ಲಿ ತೊಳೀರಿ. ನಲ್ಲಿ ಜೋರಾಗಿ ಬಿಟ್ರೆ ಎಲ್ಲ ಕೊಚ್ಚಿಕೊಂಡು ಹೋಗ್ತದೆ. ಪುನಃ ಒಣಗಿಸಿ ಒಂದು ಹನಿ ಇಮರ್ಶನ್ ಆಯಿಲ್ ಹಾಕಿ ನೋಡಿ.

ದೊಡ್ಡ ದೊಡ್ಡ ನೀಲಿ ಮುದ್ದೆ ಕಂಡ್ರೆ ಅದು ಬ್ಯಾಕ್ಟೀರಿಯಾ ಅಲ್ಲ, ಹಾಲಿನ ಪ್ರೋಟೀನ್ ಗಟ್ಟಿಯಾದದ್ದು. ಅದ್ರ ಸಂದಿಯಲ್ಲಿ ಹುಡುಕಿ. ಸಾಲಾಗಿ ಪೋಣಿಸಿದ ಹಾಗೆ ಕಾಣುವ ಗುಂಡು ಗುಂಡು ಒಂದು ಜಾತಿ, ಉದ್ದ ಕಡ್ಡಿ ಹಾಗಿದ್ದದ್ದು ಇನ್ನೊಂದು, ಅದು ಲ್ಯಾಕ್ಟೋಬ್ಯಾಸಿಲಸ್. ಹುಳಿ ಜಾಸ್ತಿಯಾದ ಮೊಸರಲ್ಲಿ ಸಾಮಾನ್ಯವಾಗಿ ಕಡ್ಡಿ ಜಾಸ್ತಿ ಇರ್ತದೆ. ಗುಂಡಿನ ಅಗಲ ಸಾಧಾರಣ ಒಂದು ಮೈಕ್ರಾನ್, ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು. ಅಷ್ಟು ಸಣ್ಣದ್ರೊಳಗೆ ಡಿಎನ್‌ಎ, ಪ್ರೋಟೀನ್ ತಯಾರಿಸುವ ರೈಬೋಸೋಮ್, ಸುತ್ತ ಗಟ್ಟಿ ಗೋಡೆ ಎಲ್ಲ ಉಂಟು, ಡಿಎನ್‌ಎಯನ್ನು ಸುತ್ತಿ ಇಡುವ ನ್ಯೂಕ್ಲಿಯಸ್ ಮಾತ್ರ ಇಲ್ಲ. ಹಾಲಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಸಿಡ್ ಬಿಡ್ತದೆ, ಅದೇ ಹುಳಿ. ತನ್ನಷ್ಟಕ್ಕೇ ತಿಂದು, ಬೆಳೆದು, ಎರಡಾಗ್ತದೆ. ಇನ್ನೊಬ್ಬರ ಜೀವಕೋಶ ಬೇಕಾಗಿಲ್ಲ.

ವೈರಸ್‌ಗೆ ಇದ್ರಲ್ಲಿ ಹೆಚ್ಚಿನದ್ದೂ ಇಲ್ಲ. ಡಿಎನ್‌ಎ ಅಥವಾ ಆರ್‌ಎನ್‌ಎ, ಸುತ್ತ ಪ್ರೋಟೀನ್, ಕೆಲವಕ್ಕೆ ಮೇಲಿಂದ ಕೊಬ್ಬಿನ ಒಂದು ಪೊರೆ, ಮುಗೀತು. ನಮ್ಮ ಜೀವಕೋಶದೊಳಗೆ ಹೊಕ್ಕಿ ನಮ್ಮ ರೈಬೋಸೋಮಲ್ಲೇ ತನ್ನ ಪ್ರೋಟೀನ್ ಮಾಡಿಸಿಕೊಳ್ತದೆ. ಇಲ್ಲೇ ಮಕ್ಕಳ ಹತ್ರ ಕೇಳಿ: ಪೆನಿಸಿಲಿನ್ ಬ್ಯಾಕ್ಟೀರಿಯಾದ ಗೋಡೆ ಕಟ್ಟಲಿಕ್ಕೆ ಬಿಡುದಿಲ್ಲ, ಡಾಕ್ಸಿಸೈಕ್ಲಿನ್ ಅದ್ರ ರೈಬೋಸೋಮ್ ತಡೀತದೆ, ಹಾಗಾದ್ರೆ ಡೆಂಗ್ಯೂವಿಗೆ ಇವನ್ನು ಕೊಟ್ರೆ ಎಂತ ಆಗ್ತದೆ? ಸ್ಲೈಡ್ ನೋಡಿದ ಮಕ್ಕಳು ತಾವಾಗೇ ಹೇಳ್ತಾರೆ, ವೈರಸ್‌ಗೆ ಗೋಡೆಯೂ ಇಲ್ಲ, ತನ್ನ ರೈಬೋಸೋಮೂ ಇಲ್ಲ, ಹಾಗಾಗಿ ಉಪಯೋಗ ಇಲ್ಲ ಅಂತ. ಇಲಿಜ್ವರಕ್ಕೆ ಡಾಕ್ಟ್ರು ಇವೆರಡನ್ನೂ ಬಳಸ್ತಾರೆ, ಅಲ್ಲಿ ಬೇಗ ಕೊಟ್ಟಷ್ಟೂ ಒಳ್ಳೆದು. ಗದ್ದೆಗೋ ತೋಟದ ನೀರಿಗೋ ಇಳಿದು ಕೆಲಸ ಮಾಡಿದವರಿಗೆ ಜ್ವರ ಬಂದ್ರೆ ಅದನ್ನು ಡಾಕ್ಟ್ರಿಗೆ ಬಾಯಿಬಿಟ್ಟು ಹೇಳ್ಬೇಕು.

"ಸರ್, ಇನ್ನೂ ಜೂಮ್ ಮಾಡಿದ್ರೆ ವೈರಸ್ ಕಾಣ್ತದಾ?" ಅಂತ ಒಬ್ಬ ಕೇಳಿಯೇ ಕೇಳ್ತಾನೆ. ಇಲ್ಲ. ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪಲ್ಲಿ ಸುಮಾರು 200 ನ್ಯಾನೋಮೀಟರ್‌ಗಿಂತ (ಒಂದು ಮೈಕ್ರಾನ್ ಅಂದ್ರೆ ಸಾವಿರ ನ್ಯಾನೋಮೀಟರ್) ಹತ್ರ ಇರುವ ಎರಡು ಚುಕ್ಕಿ ಬೇರೆ ಬೇರೆಯಾಗಿ ಕಾಣುದಿಲ್ಲ, ಎಷ್ಟು ದೊಡ್ಡದು ಮಾಡಿದ್ರೂ ಮಸುಕು ಮಾತ್ರ ದೊಡ್ಡದಾಗುದು. ಡೆಂಗ್ಯೂ ವೈರಸ್ ಬರೀ 50 ನ್ಯಾನೋಮೀಟರ್, ಅಂಥ ಇಪ್ಪತ್ತನ್ನು ಸಾಲಾಗಿಟ್ರೆ ನೀವು ಈಗ ನೋಡಿದ ಒಂದು ಗುಂಡಿನ ಅಗಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಂದ ಮೇಲೇ, 1939ರಲ್ಲಿ, ತಂಬಾಕು ಗಿಡದ ವೈರಸ್ ಫೋಟೋದಲ್ಲಿ ಸಿಕ್ಕಿದ್ದು. 2018ರಲ್ಲಿ ಕೇರಳದ ನಿಫಾವನ್ನು ನಮ್ಮ ಮಣಿಪಾಲದ ಲ್ಯಾಬಲ್ಲಿ ಪತ್ತೆ ಮಾಡಿದ್ರಲ್ಲ, ಅದೂ ಕಣ್ಣಲ್ಲಿ ನೋಡಿ ಅಲ್ಲ, ಆರ್‌ಟಿಪಿಸಿಆರ್‌ನಲ್ಲಿ ಅದ್ರ ಆರ್‌ಎನ್‌ಎ ಹುಡುಕಿ. ಮತ್ತೆ ಒಂದು ತಮಾಷೆ, ಮೊಸರಿನ ಬ್ಯಾಕ್ಟೀರಿಯಾವನ್ನೇ ಹಿಡಿಯುವ ವೈರಸ್ ಉಂಟು, ಬ್ಯಾಕ್ಟೀರಿಯೋಫೇಜ್ ಅಂತ, ದೊಡ್ಡ ಡೈರಿಗಳಲ್ಲಿ ಹೆಪ್ಪು ಕೆಡಿಸುದೇ ಅದ್ರ ಕೆಲಸ. ನಿಮ್ಮ ಸ್ಲೈಡಲ್ಲೇ ಇರಬಹುದು, ಕಾಣುದಿಲ್ಲ ಅಷ್ಟೆ.

ಲ್ಯಾಬಲ್ಲಿ ಮಲೇರಿಯಾದ ಪರ್ಮನೆಂಟ್ ಸ್ಲೈಡ್ ಇದ್ರೆ ಕಡೆಗೆ ಅದನ್ನೂ ಇದೇ ಲೆನ್ಸಲ್ಲಿ ತೋರಿಸಿ. ಅದ್ರ ಪರಾವಲಂಬಿ ಕೆಂಪು ರಕ್ತಕಣದೊಳಗೆ ಉಂಗುರದ ಹಾಗೆ ಕೂತಿರ್ತದೆ, ಅದಕ್ಕೆ ನಮ್ಮ ಹಾಗೇ ನ್ಯೂಕ್ಲಿಯಸ್ ಉಂಟು. ಮನೆಯಲ್ಲಿ ಚರಂಡಿ ನೀರು ಅದು ಇದು ತಂದು ಬ್ಯಾಕ್ಟೀರಿಯಾ ಬೆಳೆಸ್ಲಿಕ್ಕೆ ಮಾತ್ರ ಹೋಗ್ಬೇಡಿ, ಮೊಸರು ಸಾಕು. ಮುಗಿದ ಮೇಲೆ ಆಯಿಲ್ ಲೆನ್ಸನ್ನು ಲೆನ್ಸ್ ಪೇಪರಲ್ಲೇ ಒರೆಸಿ ಇಡಿ, ಇಲ್ಲಾಂದ್ರೆ ನಮ್ಮ ಮಳೆಗಾಲದಲ್ಲಿ ಲೆನ್ಸಿಗೇ ಫಂಗಸ್ ಹಿಡೀತದೆ.