ಮಳೆಗಾಲಕ್ಕೆ ಕಾಫಿ ಪುಡಿ ತರುವಾಗ

ಕುಂಬಳೆ, ಬದಿಯಡ್ಕ, ಕಾಸರಗೋಡು ಕಡೆಯವರಿಗೆ ಒಂದು ಸಲಹೆ. ಮಳೆಗಾಲದಲ್ಲಿ ಕಾಫಿ ಪುಡಿಯನ್ನು ಕಿಲೋಗಟ್ಟಲೆ ತಂದಿಡಬೇಡಿ. ನಮ್ಮ ಗಾಳಿಯಲ್ಲಿ ತೇವ ಜಾಸ್ತಿ ಅಲ್ವಾ, ಚಿಕೋರಿ (ಕಾಫಿಗೆ ಬೆರೆಸುವ ಒಂದು ಬೇರಿನ ಪುಡಿ) ಸೇರಿದ ಪುಡಿ ಬೇಗ ಗಟ್ಟಿಯಾಗುತ್ತದೆ. 100 ಅಥವಾ 200 ಗ್ರಾಂ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಒದ್ದೆ ಚಮಚ ಹಾಕಲೇಬೇಡಿ. ಫ್ರಿಜ್ ಕೂಡ ಬೇಡ, ಹೊರಗೆ ತೆಗೆದಾಗಲೆಲ್ಲ ಪುಡಿಗೆ ತೇವ ಹಿಡಿಯುತ್ತದೆ.

ಪ್ಯಾಕೆಟ್ ಮೇಲಿನ ಸಣ್ಣ ಅಕ್ಷರ ದಯವಿಟ್ಟು ಓದಿ. ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಅಲ್ಲಿ ಬರೆದಿರಲೇಬೇಕು. ಶೇಕಡಾ 49ರವರೆಗೂ ಚಿಕೋರಿ ಇರಬಹುದು. ಅಂದರೆ ಹೆಚ್ಚುಕಡಿಮೆ ಅರ್ಧ ದುಡ್ಡು ಬೇರಿನ ಪುಡಿಗೇ ಹೋಯಿತು! ನನಗೆ 80 ಕಾಫಿಗೆ 20 ಚಿಕೋರಿ ಇಷ್ಟ. ಡಿಕಾಕ್ಷನ್ ದಪ್ಪ ಬರುತ್ತದೆ, ಕಾಫಿಯ ರುಚಿಯೂ ಉಳಿಯುತ್ತದೆ.

ಕಾಫಿ ಬೀಜದಲ್ಲಿ ರೊಬಸ್ಟಾ, ಅರೇಬಿಕಾ ಎಂಬ ಜಾತಿಗಳಿವೆ. ಹಾಲು ಜಾಸ್ತಿ ಹಾಕುವವರು ರೊಬಸ್ಟಾ ಬೆರೆಸಿದ ಪುಡಿ ಕೇಳಿ. ಕಪ್ಪು ಕಾಫಿಗೆ ಅರೇಬಿಕಾ ಒಳ್ಳೆಯದು. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು, ಹಾಗಾಗಿ ರಾತ್ರಿ ನಿದ್ದೆ ಬಾರದವರು ಸಂಜೆ ಮೇಲೆ ಕುಡಿಯದಿದ್ದರೆ ಒಳ್ಳೆಯದು.

ಬೆಲ್ಲದ ಕಾಫಿ ಮಾಡುವವರು ಬೆಲ್ಲವನ್ನು ಹಾಲಿನ ಜೊತೆ ಕುದಿಸಬೇಡಿ, ಹಾಲು ಒಡೆಯಬಹುದು. ಬಿಸಿ ಡಿಕಾಕ್ಷನ್‌ನಲ್ಲಿ ಬೆಲ್ಲ ಕರಗಿಸಿ, ಹಾಲು ಕೊನೆಗೆ ಸೇರಿಸಿ.