ಗುಜರಿ ಎಂಜಿನ್ ಗಾಡಿಗೆ ಕೂರಿಸೋ ಮುಂಚೆ ಏನ್ ಬದಲಾಯಿಸ್ಬೇಕು, ಏನ್ ಮುಟ್ಟಬಾರ್ದು

ಹಳೇ ಮಾರುತಿ 800 ಹೊಗೆ ಉಗುಳೋಕೆ ಶುರು ಮಾಡ್ತು, ಸವೆದ ಸಿಲಿಂಡರ್ ಕೊರೆಸೋ, ಅಂದ್ರೆ ಬೋರ್ ಮಾಡಿಸೋ ಬದ್ಲು ಶಿವಾಜಿನಗರದ ಗುಜರಿಯಿಂದ ಇನ್ನೊಂದು ಎಂಜಿನ್ ತಂದ್ರಿ ಅಂತಿಟ್ಕೊಳ್ಳಿ. 796 ಸಿಸಿ, ಮೂರು ಸಿಲಿಂಡರ್, ಗ್ಯಾರೇಜ್‌ನಲ್ಲಿ ಹಳೇ ಟೈರ್ ಮೇಲೆ ಕೂತಿದೆ. ಮಾರಿದವ್ನು "ಹಂಗೇ ಹಾಕಿ ಸಾರ್, ಗಾಡಿ ಆಕ್ಸಿಡೆಂಟ್ ಆಗಿತ್ತಷ್ಟೇ" ಅಂದಿರ್ತಾನೆ, ಮೇಸ್ತ್ರಿ "ಪೂರ್ತಿ ಬಿಚ್ಚಿಬಿಡೋಣ ಸಾರ್" ಅಂತಾರೆ. ಇಬ್ರ ಮಾತೂ ಕೇಳ್ಬೇಡಿ.

ಮೊದ್ಲು ಕಾಗದ. ಬಿಲ್ ಮೇಲೆ ಎಂಜಿನ್ ನಂಬರ್ ಬರ್ಸಿ, ಬ್ಲಾಕ್ ಮೇಲಿರೋ ನಂಬರ್ ಜೊತೆ ತಾಳೆ ನೋಡಿ, ಉಜ್ಜಿ ಅಳಿಸಿದ ಹಾಗಿದ್ರೆ ವಾಪಸ್ ಕೊಟ್ಬಿಡಿ. ಆರ್‌ಸಿಯಲ್ಲೂ ಹೊಸ ನಂಬರ್ ಹತ್ತಿಸ್ಬೇಕಾಗತ್ತೆ, ಕೂರಿಸೋ ಮುಂಚೆನೇ ಆರ್‌ಟಿಓದಲ್ಲಿ ವಿಚಾರಿಸ್ಕೊಳ್ಳಿ.

ಆಮೇಲೆ ಎಂಜಿನ್ ಒಳಗಡೆ ಹೆಂಗಿದೆ ಅಂತ ನೋಡೋದು. ಆಯಿಲ್ ಕ್ಯಾಪ್ ತೆಗೀರಿ, ಅಡಿಯಲ್ಲಿ ಹಾಲು ಹಾಕಿದ ಕಾಫಿ ಬಣ್ಣದ ಜಿಡ್ಡಿದ್ರೆ ಆಯಿಲ್‌ಗೆ ನೀರು ಸೇರಿರೋ ಸಾಧ್ಯತೆ ಇದೆ. ಆಯಿಲ್ ಇಳಿಸುವಾಗ ಬಿಳೀ ಬಟ್ಟೆ ಮೇಲೆ ಸ್ವಲ್ಪ ಬೀಳಿಸ್ಕೊಂಡು ಬಿಸಿಲಿಗೆ ಹಿಡೀರಿ, ಮಿನುಗೋ ಪುಡಿ ಕಂಡ್ರೆ ಬೇರಿಂಗ್ ಸವೆದಿದೆ. ಇನ್ನು ಕಂಪ್ರೆಶನ್, ಅಂದ್ರೆ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಏರತ್ತೆ ಅನ್ನೋದು, ಇದೊಂದು ಟೆಸ್ಟ್ ಮಾತ್ರ ಬಿಡ್ಲೇಬೇಡಿ. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಥ್ರಾಟಲ್ (ಗಾಳಿ ಒಳಗೆ ಬಿಡೋ ಬಾಗಿಲು) ಪೂರ್ತಿ ತೆರೆದಿಟ್ಟು, ಪ್ಲಗ್ ಜಾಗಕ್ಕೆ ಒಂದೊಂದಾಗಿ ಗೇಜ್ ಹಾಕಿ, ಸ್ಟಾರ್ಟರ್‌ಗೆ ಬ್ಯಾಟರಿ ಕೊಟ್ಟು ತಿರುಗ್ಸಿ. 160, 155, 158 ಪಿಎಸ್‌ಐ ಅಂತ ಬಂತು ಅಂದ್ರೆ ಖುಷಿಪಡಿ. 160, 155, 110 ಬಂದ್ರೆ ಆ ಮೂರನೇದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಇನ್ನೊಂದ್ಸಲ ತಿರುಗ್ಸಿ, ಏರಿದ್ರೆ ಪಿಸ್ಟನ್ ಸುತ್ತಿನ ರಿಂಗ್ ಸವೆದಿದೆ, ಹಂಗೇ ಇದ್ರೆ ವಾಲ್ವ್ ಇಲ್ಲಾ ಹೆಡ್ (ಎಂಜಿನ್ ಮೇಲ್ಗಡೆ ಮುಚ್ಚಳ) ಪ್ಯಾಕಿಂಗ್ ಕೆಟ್ಟಿದೆ.

ಮೂರೂ ಸಿಲಿಂಡರ್ ಸರಿ ಇದ್ರೆ ಹೆಡ್ ಬಿಚ್ಚಬೇಡಿ. ಚೆನ್ನಾಗಿ ಕೂತಿರೋ ರಿಂಗು ಪಿಸ್ಟನ್ನು ಎತ್ತಿ ಮತ್ತೆ ಕೂರಿಸೋದು ದುಡ್ಡು ಕೊಟ್ಟು ತಲೆನೋವು ತಂದ್ಕೊಂಡ ಹಾಗೆ.

ಹಂಗಾದ್ರೆ ಬದಲಾಯಿಸೋದು ಏನನ್ನ? ನನ್ನ ಲೆಕ್ಕ ಒಂದೇ: ಎಂಜಿನ್ ಒಳಗೆ ಹೋದ್ಮೇಲೆ ಅಲ್ಲಿಗೆ ಕೈ ಹೋಗುತ್ತಾ? ಹೋಗಲ್ಲ ಅಂದ್ರೆ ಈಗ್ಲೇ ಹೊಸದು ಹಾಕಿ. ಇದ್ರಲ್ಲಿ ಮೊದಲನೇದು ಫ್ಲೈವೀಲ್ (ಕ್ಲಚ್ ಕೂರೋ ಭಾರದ ಚಕ್ರ) ಹಿಂದಿರೋ ಕ್ರ್ಯಾಂಕ್ ಆಯಿಲ್ ಸೀಲ್, ಅಂದ್ರೆ ಎಂಜಿನ್ ದಂಡದ ಸುತ್ತ ಆಯಿಲ್ ಸೋರದ ಹಾಗೆ ತಡೆಯೋ ಬಳೆ. ನಾನು ಒಂದ್ಸಲ ಒಣಗಿದೆ, ಲೀಕ್ ಇಲ್ಲ ಅಂತ ಬಿಟ್ಟೆ, ಎರಡು ತಿಂಗ್ಳಿಗೆ ಆಗುಂಬೆ ಘಾಟಿ ಹತ್ತುವಾಗ ಎಂಜಿನ್ ಕೂಗ್ತಿದೆ ಗಾಡಿ ಮಾತ್ರ ಮುಂದೆ ಹೋಗ್ತಿಲ್ಲ, ಕ್ಲಚ್ ಪ್ಲೇಟ್ ಆಯಿಲ್‌ನಲ್ಲಿ ತೊಯ್ದು ತೊಪ್ಪೆ ಆಗಿತ್ತು, ಗೇರ್‌ಬಾಕ್ಸ್ ಮತ್ತೆ ಇಳಿಸ್ಬೇಕಾಯ್ತು. ಗುಜರಿಯಲ್ಲಿ ತಿಂಗಳುಗಟ್ಟಲೆ ಬಿದ್ದಿರೋ ಎಂಜಿನ್‌ನ ಸೀಲ್ ಗಟ್ಟಿಯಾಗಿರುತ್ತೆ, ನಿಂತಾಗ ಸೋರಲ್ಲ, ಓಡಿದಾಗ ಸೋರುತ್ತೆ. ಅದೇ ಜಾಗದಲ್ಲಿ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಕೂಡ ನೋಡಿ, ಫ್ಲೈವೀಲ್ ಮೇಲೆ ನೀಲಿ ಕಲೆ, ಕೂದಲೆಳೆ ಬಿರುಕು ಇದ್ರೆ ಲೇತ್‌ಗೆ ಕಳ್ಸಿ.

ಮುಂದಿನ ಕಡೆ ಟೈಮಿಂಗ್ ಬೆಲ್ಟ್ (ಕ್ರ್ಯಾಂಕ್‌ನಿಂದ ವಾಲ್ವ್ ಆಡಿಸೋ ಕ್ಯಾಮ್ ತಿರುಗಿಸೋ ಬೆಲ್ಟ್) ಹೊಸದು, ಅದು ಎಷ್ಟು ಓಡಿದೆ ಅಂತ ಯಾರಿಗೂ ಗೊತ್ತಿಲ್ಲವಲ್ಲ. ಬೆಲ್ಟ್ ಬಿಗಿ ಹಿಡಿಯೋ ಟೆನ್ಶನರ್ ಬೆರಳಲ್ಲಿ ತಿರುಗಿಸಿದ್ರೆ ಗರಗರ ಅಂದ್ರೆ ಅದೂ ಹೋಯ್ತು, ಬೆಲ್ಟ್ ಬಿಚ್ಚಿದಾಗ್ಲೇ ಕ್ಯಾಮ್, ಕ್ರ್ಯಾಂಕ್ ಸೀಲ್, ವಾಟರ್ ಪಂಪ್ ಕೂಡ ಮುಗಿಸ್ಬಿಡಿ. ಬ್ಲಾಕ್ ಪಕ್ಕದ ತಗಡಿನ ಬಿಲ್ಲೆಗಳನ್ನ, ಅದೇ ವೆಲ್ಚ್ ಪ್ಲಗ್, ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿ. ಕೂಲೆಂಟ್ ಬದ್ಲು ಬೋರ್‌ವೆಲ್ ನೀರು ಕುಡಿದ ಎಂಜಿನ್ ಆದ್ರೆ ಅವು ಒಳಗಿಂದ ತುಕ್ಕು ತಿಂದಿರ್ತವೆ.

ಆಲ್ಟರ್ನೇಟರ್, ಸ್ಟಾರ್ಟರ್, ಕಾರ್ಬ್ಯುರೇಟರ್ ನಿಮ್ಮ ಹಳೇ ಎಂಜಿನ್‌ದೇ ಚೆನ್ನಾಗಿದ್ರೆ ಅದನ್ನೇ ಹಾಕಿ, ಕೆಟ್ರೆ ಆಮೇಲೂ ಬದಲಾಯಿಸ್ಬಹುದು. ಮೌಂಟಿಂಗ್ ರಬ್ಬರ್ ಬಿರುಕು ಬಿಟ್ಟಿದ್ರೆ ಮಾತ್ರ ಈಗ್ಲೇ ಹೊಸದು.

ಕೂರಿಸಿದ್ಮೇಲೆ ತಕ್ಷಣ ಸ್ಟಾರ್ಟ್ ಮಾಡ್ಬೇಡಿ. ಹೊಸ ಆಯಿಲ್, ಫಿಲ್ಟರ್ ಹಾಕಿ, ಪ್ಲಗ್ ಬಿಚ್ಚಿಟ್ಟು, ಡ್ಯಾಶ್‌ಬೋರ್ಡ್‌ನಲ್ಲಿ ಆಯಿಲ್ ಲೈಟ್ ಆರೋವರೆಗೂ ಸ್ವಲ್ಪ ಸ್ವಲ್ಪವೇ ಸ್ಟಾರ್ಟರ್‌ನಿಂದ ತಿರುಗ್ಸಿ, ಆಮೇಲೆ ಪ್ಲಗ್ ಹಾಕಿ ಕೀ ತಿರುಗ್ಸಿ.