ಕರ್ಣನಿಗೆ ನಾಲ್ಕು ಅಕ್ಷರ ಹುಡುಕಿದ್ದು

ಹನುಮಂತನಗರದ ಒಂದು ಮನೆಯ ಟೆರೇಸ್ ಮೇಲೆ ನಮ್ಮ ತಂಡದ ರಿಹರ್ಸಲ್. ಆಫೀಸ್ ಮುಗಿಸಿ, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಎಲ್ಲರೂ ಸೇರುವಷ್ಟರಲ್ಲಿ ರಾತ್ರಿ ಎಂಟು. ನನ್ನದು ಕರ್ಣನ ಪಾತ್ರ. ಮಾತೆಲ್ಲ ಬಾಯಿಪಾಠವಾಗಿತ್ತು, ಮನುಷ್ಯ ಮಾತ್ರ ಕೈಗೆ ಸಿಕ್ಕಿರಲಿಲ್ಲ.

ಆಗ ಎಂಬಿಟಿಐ, ಅಂದರೆ ಮನುಷ್ಯರ ಸ್ವಭಾವವನ್ನು ಬಗೆಗಳಾಗಿ ವಿಂಗಡಿಸುವ ಪರೀಕ್ಷೆ, ಇಟ್ಟುಕೊಂಡು ನೋಡೋಣ ಅನ್ನಿಸಿತು. ಕಾರ್ಲ್ ಯೂಂಗ್ 1921ರಲ್ಲಿ ಬರೆದ ವಿಚಾರಗಳ ಮೇಲೆ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಕಟ್ಟಿದ್ದು. ಎದುರುಬದುರು ಒಲವುಗಳ ನಾಲ್ಕು ಜೋಡಿ, ಪ್ರತಿ ಜೋಡಿಯಿಂದ ಒಂದು ಅಕ್ಷರ, ಒಟ್ಟು 16 ಬಗೆ. ಮನಶ್ಶಾಸ್ತ್ರಜ್ಞರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಪಾತ್ರಕ್ಕೆ ಸರಿಯಾದ ಪ್ರಶ್ನೆ ಕೇಳಲು ದಾರಿಯಾದರೆ ನನಗೆ ಅಷ್ಟು ಸಾಕು.

ಮೊದಲು ದಾನಶೂರ, ಸ್ವಾಭಿಮಾನಿ, ನಂಬಿಗಸ್ಥ ಅಂತ ಪಟ್ಟಿ ಮಾಡಿದೆ. ಅದು ಯಾವ ಬಗೆಗೂ ಹೊಂದುತ್ತಿತ್ತು! ದಾನವನ್ನೇ ನೋಡಿ. ಇಂದ್ರ ಕವಚ ಕುಂಡಲ ಬೇಡಲು ಬರುತ್ತಾನೆ ಅಂತ ಸೂರ್ಯ ಮೊದಲೇ ಎಚ್ಚರಿಸುತ್ತಾನೆ. ಪ್ರಾಣಕ್ಕಿಂತ ಕೀರ್ತಿ ದೊಡ್ಡದು ಅನ್ನುತ್ತಾನೆ ಕರ್ಣ. ಹಾಗಾದರೆ ಕೊಟ್ಟಿದ್ದು ಕರುಣೆಗೋ, ಹೆಸರಿಗೋ?

ಪಟ್ಟಿ ಬಿಟ್ಟು ಒಂದೇ ದೃಶ್ಯ ಹಿಡಿದೆ. ಕೃಷ್ಣ ಹುಟ್ಟಿನ ಗುಟ್ಟು ಹೇಳಿ ನಾಳಿನ ಪಟ್ಟ ತೋರಿಸುತ್ತಾನೆ. ಕರ್ಣ ಮಾತಾಡುವುದು ಹಳೆಯದನ್ನು: ತನ್ನನ್ನು ಕಂಡು ರಾಧೆಯ ಎದೆಯಲ್ಲಿ ಹಾಲು ಉಕ್ಕಿದ್ದು, ಹದಿಮೂರು ವರ್ಷ ದುರ್ಯೋಧನನ ಆಸರೆಯಲ್ಲಿ ಉಂಡಿದ್ದು. ಬದುಕಿ ಉಂಡದ್ದನ್ನೇ ನಂಬುವವನು, ಹಾಗಾಗಿ 'ಎಸ್' (ಸೆನ್ಸಿಂಗ್). ಪಾಂಡವರೇ ಗೆಲ್ಲುತ್ತಾರೆ ಅಂತ ಗೊತ್ತಿದ್ದೂ ಋಣದ ಕಡೆ ನಿಂತ, 'ಎಫ್' (ಫೀಲಿಂಗ್). ಎಫ್ ಅಂದರೆ ಅಳುಮುಂಜಿ ಅಂತಲ್ಲ. ತೀರ್ಮಾನದ ಹೊತ್ತಿಗೆ ತಲೆಯ ಲೆಕ್ಕಕ್ಕಿಂತ ಮನುಷ್ಯರು ಜಾಸ್ತಿ ತೂಗುತ್ತಾರೆ ಅಂತ. ಕೊಟ್ಟ ಮಾತು ಬದಲಿಸುವುದಿಲ್ಲ, 'ಜೆ' (ಜಡ್ಜಿಂಗ್, ತೀರ್ಮಾನಿಸಿ ಮುಗಿಸುವ ಒಲವು). ಧರ್ಮರಾಯನಿಗೆ ಇದನ್ನು ಹೇಳಬೇಡ ಅಂತ ಕೇಳಿಕೊಂಡು ಸಂಕಟವನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಾನೆ, ಅದಕ್ಕೆ 'ಐ' (ಇಂಟ್ರೊವರ್ಟ್, ಅಂತರ್ಮುಖಿ) ಅಂದೆ. ಈ ಒಂದು ಅಕ್ಷರದಲ್ಲಿ ನನಗೆ ಇನ್ನೂ ಪೂರ್ತಿ ಧೈರ್ಯವಿಲ್ಲ. ಒಟ್ಟು ಐಎಸ್‌ಎಫ್‌ಜೆ.

"ಹಾಗಾದ್ರೆ ತುಂಬಿದ ಸಭೇಲಿ ದ್ರೌಪದಿಗೆ ಆಡಿದ ಮಾತು?" ಅಂತ ನಿರ್ದೇಶಕರು ಕೇಳಿದರು.

"ಅದು ಇದರಲ್ಲಿ ಕೂರಲ್ಲ ಸರ್."

"ಕೂರಿಸ್ಬೇಡಪ್ಪ. ಅದು ಹಾಗೇ ಚುಚ್ಚಲಿ."

ಹಾಗೇ ಬಿಟ್ಟೆವು. ಬದಲಾಗಿದ್ದು ಕೃಷ್ಣನ ದೃಶ್ಯ. ಮೊದಲು ಎದೆಯುಬ್ಬಿಸಿ, ಗಟ್ಟಿ ದನಿಯಲ್ಲಿ ಪಟ್ಟ ಬೇಡ ಅನ್ನುತ್ತಿದ್ದೆ. ಈಗ 'ರಾಧೆ' ಅನ್ನುವಾಗ ದನಿ ತಗ್ಗಿಸುತ್ತೇನೆ. ಕೃಷ್ಣನ ಮುಖ ಬಿಟ್ಟು ನನ್ನ ಅಂಗೈ ನೋಡಿಕೊಳ್ಳುತ್ತೇನೆ.